ತಂಬೂರಿ ಇನ್ನು ಪಾರ್ಸೆಲ್‌ನಲ್ಲಿ ಬರುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಬೆಳಗಾವಿ

ನಮ್ಮ ಹಳೆ ವಾದ್ಯದ ಅಂಗಡಿಯ ಎಲ್ಲ ಸಂಗೀತ ಬಂಧುಗಳಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಬರುವ ತಿಂಗಳ ಒಂದನೇ ತಾರೀಖಿನಿಂದ ಹಳೆಯ ತಂಬೂರಿ, ಸಿತಾರಗಳನ್ನು ಲಾರಿ ಪಾರ್ಸೆಲ್‌ಗಾಗಲಿ ಕೊರಿಯರ್‌ಗಾಗಲಿ ನಾವು ಹಾಕುವುದಿಲ್ಲ. ಪೇಟಿ (ಹಾರ್ಮೋನಿಯಂ) ಮತ್ತು ತಬಲಾ-ಡಗ್ಗಾ ಮೊದಲಿನ ಹಾಗೆಯೇ ಹೋಗುತ್ತವೆ. ಆದರೆ ರಟ್ಟಿನ ಡಬ್ಬಿ ಬಿಟ್ಟು ಕಟ್ಟಿಗೆ ಪೆಟ್ಟಿಗೆಯಲ್ಲಿ ಹೋಗುತ್ತವೆ, ಅದಕ್ಕೆ ಬೇರೆ ದುಡ್ಡು ಹತ್ತುತ್ತದೆ. ಹಾಗೆ ಕಳಿಸಿದ ವಾದ್ಯ ದಾರಿಯಲ್ಲಿ ಒಡೆದರೆ ಅದರ ಜವಾಬ್ದಾರಿ ಇನ್ನು ಮುಂದೆ ನಮ್ಮದು. ಇಷ್ಟು ದಿನ ಹಾಗೆ ಇರಲಿಲ್ಲ. ಪಾರ್ಸೆಲ್ ಆಫೀಸಿನಲ್ಲಿ ರಸೀದಿ ಕೈಗೆ ಬಂತೆಂದರೆ ನಮ್ಮ ಕೆಲಸ ಮುಗಿಯಿತು ಅಂದುಕೊಂಡಿದ್ದೆವು. ಅದು ತಪ್ಪಾಗಿತ್ತು.

ಯಾಕೆ ತಪ್ಪಾಗಿತ್ತು ಎಂದು ನಮಗೆ ತಿಳಿಸಿಕೊಟ್ಟವರು ರಾಯಚೂರಿನ ಒಬ್ಬ ಸಂಗೀತ ಶಿಕ್ಷಕಿ. ಹೋದ ಮಳೆಗಾಲ ಅವರಿಗೆ ಮಹಾರಾಷ್ಟ್ರದ ಮಿರಜದಲ್ಲಿ ಮಾಡಿದ ಹಳೆ ತಂಬೂರಿ ಒಂದನ್ನು ಕಳಿಸಿದ್ದೆವು. ಬೆಳಗಾವಿಯ ಒಂದು ಮನೆಯಲ್ಲಿ ನಾಲ್ವತ್ತು ವರ್ಷ ನುಡಿದ ತಂಬೂರಿ ಅದು. ಕೊಟ್ಟ ಮನೆಯ ಹಿರಿಯರು ಅದನ್ನು ಆಟೋದಲ್ಲಿ ಹಾಕಲು ಒಪ್ಪದೆ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ನಾವು ಬೆಲೆ ಹದಿನೆಂಟೂವರೆ ಸಾವಿರ ಹೇಳಿದೆವು, ಶಿಕ್ಷಕಿಯವರು ಒಂದು ಮಾತು ಚೌಕಾಸಿ ಮಾಡದೆ ಹಣ ಕಳಿಸಿದರು. ಬಬಲ್ ಶೀಟ್ ಸುತ್ತಿ, ಹಳೆ ಗಾದಿಯ ಹತ್ತಿ ತುಂಬಿ, ಎರಡು ರಟ್ಟಿನ ಡಬ್ಬಿ ಜೋಡಿಸಿ ಹೊಲಿದು ಕಳಿಸಿದೆವು. ಐದು ದಿನದ ಮೇಲೆ ಫೋಟೋ ಬಂತು. ತಂಬೂರಿಯ ಬುಡದ ಗುಂಡನೆಯ ಬುರುಡೆ ಕೊರಳಿನಿಂದ ಕೆಳಗಿನವರೆಗೆ ಸೀಳಿತ್ತು, ಒಂದು ಬದಿಗೆ ಅಂಗೈ ಅಗಲದ ಚೂರು ಒಳಗೇ ಬಿದ್ದಿತ್ತು.

ಆಗ ನಾವು ಅವರಿಗೆ ಹೇಳಿದ್ದು: "ಅಕ್ಕಾರ, ನಾವು ಸರಿಯಾಗೇ ಕಳಿಸೇವ್ರಿ, ಟ್ರಾನ್ಸ್‌ಪೋರ್ಟ್‌ನವರನ್ನ ಹಿಡೀರಿ." ಈ ಮಾತು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಕಳಿಸಿದವರು ನಾವು, ರಸೀದಿಗೆ ಸಹಿ ಹಾಕಿದವರು ನಾವು, ಅವರು ಯಾರನ್ನು ಹೋಗಿ ಹಿಡಿಯಬೇಕು? ಹದಿನೈದು ದಿನ ಅವರನ್ನು ಹಾಗೇ ಅಲೆಸಿದೆವು. ಆಮೇಲೆ ಅವರು ಎರಡು ಪುಟದ ಪತ್ರ ಬರೆದರು. ಒಂದು ಕೆಟ್ಟ ಶಬ್ದ ಇರಲಿಲ್ಲ ಅದರಲ್ಲಿ. ಹಣ ಪೂರ್ತಿ ವಾಪಸ್ ಕೊಟ್ಟು, ತಂಬೂರಿಯನ್ನು ನಾವೇ ಹೋಗಿ ತಂದೆವು. ಅಕ್ಕಾರ, ಈ ಪತ್ರ ನೀವೂ ಓದುತ್ತೀರಿ ಎಂದು ಗೊತ್ತು. ಆ ಹದಿನೈದು ದಿನಕ್ಕೆ ಕ್ಷಮೆ ಕೇಳುತ್ತೇವೆ.

ಇನ್ನು ಖರ್ಚಿನ ಮಾತು. ಇದರಲ್ಲಿ ನಮ್ಮ ಮೇಲೆ ಬಂದ ಅಪವಾದ ನಮಗೆ ನೋವು ಕೊಟ್ಟಿದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಪೇಟಿಗೆ ಮಾಡಿಸುವ ಕಟ್ಟಿಗೆ ಪೆಟ್ಟಿಗೆಗೆ 1,950 ರೂಪಾಯಿ ಎಂದಾಗ "ಪೆಟ್ಟಿಗಿ ಮ್ಯಾಲೂ ಗಳಿಸ್ತೀರೇನ್ರೀ" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಲೆಕ್ಕ ಇಲ್ಲಿದೆ ನೋಡಿ. ಪ್ಲೈವುಡ್ 850, ಮೂಲೆಗೆ ಹಾಕುವ ಕಟ್ಟಿಗೆ ಪಟ್ಟಿ (ರೀಪರ್) ಮತ್ತು ಸ್ಕ್ರೂ 260, ಒಳಗಿನ ಫೋಮ್ 340, ಬಡಿಗೇರರ ಅರ್ಧ ದಿನದ ಕೂಲಿ 500. ನಮ್ಮ ಪಾಲು ಅದರಲ್ಲಿ ಒಂದು ರೂಪಾಯಿ ಇಲ್ಲ. ಮೊಳೆ ಹೊಡೆದರೆ ಇನ್ನೂ ಅಗ್ಗವಾಗುತ್ತಿತ್ತು. ಆದರೆ ಮೊಳೆ ಹೊಡೆಯುವಾಗಲೂ, ನೀವು ಕೀಳುವಾಗಲೂ ಒಳಗಿನ ವಾದ್ಯಕ್ಕೆ ಪೆಟ್ಟು ಬೀಳುತ್ತದೆ. ಸ್ಕ್ರೂ ಆದರೆ ಮನೆಯಲ್ಲಿ ಯಾರು ಬೇಕಾದರೂ ತೆಗೆಯಬಹುದು. ಸಂದಿಗೆ ತುರುಕಲು ವಡಗಾವಿಯ ನೇಕಾರರ ಮನೆಗಳಿಂದ ಬಟ್ಟೆ ಚೂರು ತರುತ್ತೇವೆ, ಅದಕ್ಕೆ ದುಡ್ಡು ಹಾಕಿಲ್ಲ. ಪೆಟ್ಟಿಗೆ ಮುರಿಯದೆ ವಾಪಸ್ ಮುಟ್ಟಿಸಿದವರಿಗೆ 900 ರೂಪಾಯಿ ಹಿಂದಕ್ಕೆ ಕೊಡುತ್ತೇವೆ.

ಸಾಗಣೆ ದರವೂ ನಮ್ಮ ಕೈಯಲ್ಲಿಲ್ಲ. ತಂಬೂರಿ ನೋಡಲು ದೊಡ್ಡದು, ಎತ್ತಿದರೆ ಹಗುರ. ಕೊರಿಯರ್‌ನವರು ಮಾತ್ರ ಅದನ್ನು ತಕ್ಕಡಿಯ ತೂಕಕ್ಕೆ ಹಿಡಿಯುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಹಳ ಕಡೆ 5,000ದಿಂದ ಭಾಗಿಸಿ, ಬಂದದ್ದನ್ನು ಕಿಲೋ ಎಂದು ಲೆಕ್ಕ ಹಾಕುತ್ತಾರೆ. 150 ಉದ್ದ, 50 ಅಗಲ, 45 ಎತ್ತರದ ಪೆಟ್ಟಿಗೆ ಮಾಡಿಸಿದರೆ ಅದು ಅವರ ಪುಸ್ತಕದಲ್ಲಿ ಅರವತ್ತೇಳೂವರೆ ಕಿಲೋ ಆಗುತ್ತದೆ. ಒಳಗಿನ ತಂಬೂರಿ, ಫೋಮ್, ಕಟ್ಟಿಗೆ ಎಲ್ಲ ಸೇರಿ ಅದರ ಅರ್ಧವೂ ತೂಗುವುದಿಲ್ಲ. ಪೆಟ್ಟಿಗೆ ಚಿಕ್ಕದು ಮಾಡಿದರೆ ದರ ಇಳಿಯುತ್ತದೆ, ಬುರುಡೆಯ ಸುತ್ತ ಫೋಮ್‌ಗೆ ಜಾಗ ಉಳಿಯುವುದಿಲ್ಲ. ಅಗ್ಗಕ್ಕೆ ಕಳಿಸಿ ಅಂದವರಿಗೆ ನಾವು ಇಲ್ಲ ಅಂದದ್ದು ಇದಕ್ಕೇ.

"ಒಡದ್ರ ಟ್ರಾನ್ಸ್‌ಪೋರ್ಟ್‌ನವ್ರು ಕೊಡ್ತಾರಲ್ರೀ" ಎನ್ನುವವರಿಗೆ ರಾಯಚೂರಿನ ತಂಬೂರಿಯ ಲೆಕ್ಕವನ್ನೇ ಹೇಳುತ್ತೇವೆ. ರಸ್ತೆ ಸಾಗಣೆಗೆ 2007ರ ಕಾಯ್ದೆ ಇದೆ, ಅದರ ನಿಯಮಗಳು 2011ರಲ್ಲಿ ಬಂದವು. ಮಾಲಿನ ಬೆಲೆಯನ್ನು ಮೊದಲೇ ಬರೆಸಿ ಹೆಚ್ಚಿನ ದರ ಕಟ್ಟದಿದ್ದರೆ, ಸಾಗಣೆಗಾರನ ಹೊಣೆ ನಾವು ಕೊಟ್ಟ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ನಾವು ಕೊಟ್ಟ ಬಾಡಿಗೆ 640. ಹತ್ತು ಪಟ್ಟು ಎಂದರೆ 6,400. ತಂಬೂರಿ 18,500ದ್ದು. ಬೆಲೆ ಬರೆಸದೆ ಇದ್ದದ್ದು ನಮ್ಮ ತಪ್ಪು, ಒಪ್ಪುತ್ತೇವೆ. ಆ 6,400ಕ್ಕೂ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಕೊಟ್ಟೆವು. ಈವರೆಗೆ ಕೈಗೆ ಏನೂ ಬಂದಿಲ್ಲ. ವಿಮೆ ಮಾಡಿಸೋಣ ಎಂದು ಕೇಳಿದ ಕಡೆ ವಾದ್ಯದ ಮೂಲ ಬಿಲ್ ಕೇಳಿದರು. ಯಾರದೋ ಅಜ್ಜ ಮಿರಜಕ್ಕೆ ಹೋಗಿ ಕೈಯಾರೆ ಆರಿಸಿ ತಂದ ತಂಬೂರಿಗೆ ಬಿಲ್ ಎಲ್ಲಿಂದ ತರುವುದು?

ಲಾರಿಯವರನ್ನೂ ಹಮಾಲರನ್ನೂ ಬೈಯಲು ಇದನ್ನು ಬರೆಯುತ್ತಿಲ್ಲ. ದಿನಕ್ಕೆ ನೂರಾರು ಮೂಟೆ ಎತ್ತುವ ಕೈಗೆ ಆ ಡಬ್ಬಿಯೊಳಗೆ ಒಣಗಿದ ಕುಂಬಳದ ತೆಳು ಚಿಪ್ಪು ಇದೆ ಎಂದು ಗೊತ್ತಾಗುವುದಿಲ್ಲ. ಮಿರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಮೇಲೆ ನಮ್ಮಂಥ ಹಳೆ ವಾದ್ಯದ ಅಂಗಡಿಗೂ ದೂರದೂರಿನಿಂದ ಕೇಳುವವರು ಬಂದರು, ಸಂತೋಷವೇ ಆಯಿತು. ಆದರೆ ದೂರ ಹೋದಷ್ಟೂ ಗೋದಾಮು ಹೆಚ್ಚು, ಇಳಿಸಿ ಏರಿಸುವುದು ಹೆಚ್ಚು. ಎಷ್ಟು ಫೋಮ್ ಹಾಕಿದರೂ ಪೆಟ್ಟಿಗೆ ಒಮ್ಮೆ ಎತ್ತರದಿಂದ ಬಿದ್ದರೆ, ಉದ್ದ ದಂಡಿಯ ಭಾರವೆಲ್ಲ ಬುರುಡೆ ಕೂಡುವ ಕೊರಳಿಗೆ ಬಂದು ನಿಲ್ಲುತ್ತದೆ. ಅದಕ್ಕೇ ತಂಬೂರಿಯನ್ನು ಪಾರ್ಸೆಲ್‌ನಿಂದ ಪೂರ್ತಿ ತೆಗೆದುಬಿಟ್ಟೆವು.

ಈಗ ಎಲ್ಲಕ್ಕಿಂತ ಹೆಚ್ಚು ಕೇಳಿದ ಮಾತು. ಫೋನಿನಲ್ಲಿ, ಭಜನಾ ಮಂಡಳಿಗಳಲ್ಲಿ, ನಮ್ಮ ನೆಂಟರ ಮದುವೆಯಲ್ಲಿ ಸಹ ಕೇಳಿದ್ದೇವೆ: "ಮೊದಲೇ ಸೀಳಿದ್ದನ್ನ ಕಳಿಸಿ, ತಪ್ಪು ಲಾರಿ ಮ್ಯಾಲೆ ಹಾಕ್ತಾರ."

ಇದಕ್ಕೆ ಉತ್ತರ ಕೊಡದೆ ಬಿಡುವುದಿಲ್ಲ. ಪಂಡಿತ ರಾಮಭಾವು ಬಿಜಾಪುರೆಯವರು ಹಾರ್ಮೋನಿಯಂ ನುಡಿಸಿದ, ಕಲಿಸಿದ ಊರು ಇದು. ಇಲ್ಲಿ ಸುರ ಹೊಂದದ ಪೇಟಿ ಮಾರಿದರೆ ಮಾರನೇ ದಿನ ಹುಡುಗರೇ ಬಂದು ಹೇಳುತ್ತಾರೆ. ಸೀಳಿದ ವಾದ್ಯವನ್ನು ನಾವು ಮಾರುತ್ತೇವೆ, ಸೀಳಿದೆ ಎಂದು ಹೇಳಿಯೇ ಮಾರುತ್ತೇವೆ, ಬೆಲೆಯೂ ಹಾಗೇ ಇರುತ್ತದೆ. ಹಳೆ ಒಡಕು ಯಾವುದು, ಹೊಸದು ಯಾವುದು ಎಂದು ನೀವೇ ಗುರುತಿಸಬಹುದು. ಹಳೆ ಒಡಕಿನ ಅಂಚಿಗೆ ಧೂಳು, ಜಿಡ್ಡು ಕೂತು ಕರ್ರಗಾಗಿರುತ್ತದೆ. ಮೇಲಿಂದ ಮೇಲೆ ಹೊಡೆದ ಪಾಲಿಶ್ ಅದರ ಒಳಗೆ ಇಳಿದಿರುತ್ತದೆ, ಎಲ್ಲಾದರೂ ಸರೇಸಿನ (ಕಟ್ಟಿಗೆಗೆ ಹಚ್ಚುವ ಅಂಟಿನ) ಕಲೆ ಕಾಣುತ್ತದೆ. ಬೆರಳಾಡಿಸಿದರೆ ಅಂಚು ಸವೆದು ಮೆತ್ತಗಿರುತ್ತದೆ. ಹೊಸ ಒಡಕು ಹಾಗಲ್ಲ. ಒಳಗಿನ ಬಣ್ಣ ತಿಳಿಯಾಗಿ, ಆಗಷ್ಟೇ ಸೀಳಿದ ಕಟ್ಟಿಗೆಯ ಹಾಗೆ ಇರುತ್ತದೆ. ಅಂಚು ಕೈಗೆ ಚುಚ್ಚುತ್ತದೆ, ಪಾಲಿಶ್ ಚಕ್ಕೆ ಚಕ್ಕೆಯಾಗಿ ಎದ್ದಿರುತ್ತದೆ, ಡಬ್ಬಿಯ ತಳದಲ್ಲಿ ಅದರ ಪುಡಿ ಸಿಗುತ್ತದೆ. ರಾಯಚೂರಿನ ತಂಬೂರಿಯ ಒಡಕು ಎಂಥದು ಎಂದು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದೇವೆ.

ಆದರೆ ಒಂದು ಸಲ ಈ ಮಾತು ಹೇಳಿದವರೇ ಸರಿ ಇದ್ದರು, ಅದನ್ನೂ ಮುಚ್ಚಿಡುವುದಿಲ್ಲ. ಲೋಕಾಪುರದ ಕಡೆಯ ಒಂದು ಶ್ರೀಕೃಷ್ಣ ಪಾರಿಜಾತ ಆಟದ ಮೇಳಕ್ಕೆ ಕಳಿಸಿದ ಜರ್ಮನ್ ರೀಡಿನ (ಸುರ ನುಡಿಸುವ ಹಿತ್ತಾಳೆ ನಾಲಗೆಯ) ಪೇಟಿಯಲ್ಲಿ ಗಾಳಿ ಸೋರುತ್ತಿತ್ತು. ಬಿಚ್ಚಿ ನೋಡಿದರೆ ರೀಡು ಕೂಡಿಸುವ ಹಲಗೆಯಲ್ಲಿ ಕೂದಲೆಳೆಯಂಥ ಬಿರುಕು, ಬಿರುಕಿನಲ್ಲಿ ಹಳೆ ಧೂಳು. ಅದು ದಾರಿಯಲ್ಲಿ ಆದದ್ದಲ್ಲ. ನಾವು ನೋಡದೆ ಬಿಟ್ಟಿದ್ದೆವು. ಹಲಗೆ ಬದಲಿಸಿ, ಗಾಳಿ ತುಂಬುವ ಭಾತೆಗೆ (ತಿದಿಗೆ) ಹೊಸ ಚರ್ಮ ಹಾಕಿ, ನಾವೇ ಒಯ್ದು ಕೊಟ್ಟೆವು. ಮೇಳದ ಯಜಮಾನರು ಅಂದು ಊಟ ಹಾಕಿ ಕಳಿಸಿದರು.

ಅದರ ಪಾಠವೇ ಹೊಸ ಪದ್ಧತಿ. ಪೆಟ್ಟಿಗೆಗೆ ಇಡುವ ಮುಂಚೆ ಪ್ರತಿ ಪೇಟಿಯ ಭಾತೆ ತುಂಬಿ, ಯಾವ ಪಟ್ಟಿಯನ್ನೂ ಒತ್ತದೆ, ಎಷ್ಟು ಹೊತ್ತು ಗಾಳಿ ನಿಲ್ಲುತ್ತದೆ ಎಂದು ವಿಡಿಯೋ ಮಾಡುತ್ತೇವೆ. ಆಮೇಲೆ ಮೊದಲ ಪಟ್ಟಿಯಿಂದ ಕೊನೆಯವರೆಗೆ, 37 ಇರಲಿ 42 ಇರಲಿ, ಒಂದೊಂದನ್ನೇ ನುಡಿಸುತ್ತೇವೆ. ಇದ್ದ ಗೀರು, ಇದ್ದ ಬಿರುಕು ಎಲ್ಲ ಅದರಲ್ಲಿ ಕಾಣಬೇಕು. ಆ ವಿಡಿಯೋ ನಿಮಗೆ ಮುಟ್ಟಿ, ನೀವು ಹೂಂ ಅಂದ ಮೇಲೆಯೇ ಸ್ಕ್ರೂ ಹಾಕುವುದು. ಬೆಲೆಯನ್ನು ರಸೀದಿಯಲ್ಲಿ ಬರೆಸುತ್ತೇವೆ, ಹೆಚ್ಚಿನ ದರ ನಾವೇ ಕಟ್ಟುತ್ತೇವೆ.

ನಿಮ್ಮಿಂದ ಬೇಕಾದ ಸಹಾಯ ಸ್ವಲ್ಪವೇ. ಪಾರ್ಸೆಲ್ ಬಂದಾಗ ಸಹಿ ಹಾಕುವ ಮೊದಲು ಪೆಟ್ಟಿಗೆಯ ಆರೂ ಬದಿ ನೋಡಿ. ಎಲ್ಲಾದರೂ ಒಡೆದಿದ್ದರೆ, ತೊಯ್ದಿದ್ದರೆ ಅವರ ರಸೀದಿಯ ಮೇಲೆಯೇ ಅದನ್ನು ಬರೆದು ಆಮೇಲೆ ಸಹಿ ಮಾಡಿ. ಬರೀ ಸಹಿ ಹಾಕಿದರೆ ಮಾಲು ಸರಿಯಾಗಿ ಮುಟ್ಟಿತು ಎಂದು ಅವರು ವಾದಿಸುತ್ತಾರೆ. ಬಿಚ್ಚುವಾಗ ಮನೆಯ ಯಾರಾದರೂ ಮೊಬೈಲ್ ಹಿಡಿದು ನಿಲ್ಲಲಿ. ಎರಡು ದಿನದೊಳಗೆ ನಮಗೆ ತಿಳಿಸಿ. ಫೋಮ್, ಪೆಟ್ಟಿಗೆ ಯಾವುದನ್ನೂ ಎಸೆಯಬೇಡಿ, ಚೂರು ಬಿದ್ದಿದ್ದರೆ ಅದನ್ನೂ ಕಾಗದದಲ್ಲಿ ಸುತ್ತಿಡಿ. ದಯವಿಟ್ಟು ಮನೆಯಲ್ಲಿದ್ದ ಫೆವಿಕಾಲ್ ಹಚ್ಚಬೇಡಿ. ನೀವು ಹಚ್ಚಿದ್ದನ್ನು ಕೆರೆದು ತೆಗೆಯುವುದರಲ್ಲೇ ಅಂಚು ಹಾಳಾಗಿ ಜೋಡಣೆ ಕೂಡುವುದಿಲ್ಲ.

ಪೇಟಿಯಲ್ಲಿ ಒಂದು ಸುರ ನುಡಿಯಲಿಲ್ಲ, ಅಥವಾ ಜುಂಯ್ ಎಂದಿತು ಎಂದರೆ ಗಾಬರಿಯಾಗಬೇಡಿ. ದಾರಿಯ ಅಲುಗಾಟಕ್ಕೆ ಹಿತ್ತಾಳೆ ನಾಲಗೆಯ ಸಂದಿಗೆ ಒಂದು ಧೂಳಿನ ಕಣ ಸೇರಿದರೂ ಹಾಗಾಗುತ್ತದೆ. ನಮಗೆ ಫೋನ್ ಮಾಡಿ, ತೆಳು ಕಾಗದದ ತುಂಡಿನಿಂದ ಅದನ್ನು ತೆಗೆಯುವುದು ಹೇಗೆಂದು ವಿಡಿಯೋ ಕಾಲ್‌ನಲ್ಲಿ ತೋರಿಸುತ್ತೇವೆ. ಇಂಥ ಸಣ್ಣ ಕಾರಣಕ್ಕೆ ವಾಪಸ್ ಬಂದ ಪೇಟಿಗಳು ಎರಡನೇ ಪ್ರಯಾಣದಲ್ಲಿ ನಿಜವಾಗಿ ಒಡೆದದ್ದನ್ನು ನೋಡಿದ್ದೇವೆ.

ತಂಬೂರಿ, ಸಿತಾರ ಬೇಕಾದವರಿಗೆ ದಾರಿ ಮುಚ್ಚಿಲ್ಲ. ತಿಂಗಳಿಗೊಮ್ಮೆ ನನ್ನ ತಮ್ಮ ಯರಗಟ್ಟಿ, ಲೋಕಾಪುರದ ಮೇಲಿಂದ ಬಾಗಲಕೋಟೆ, ಅಲ್ಲಿಂದ ಕೊಲ್ಹಾರ ದಾಟಿ ವಿಜಯಪುರದವರೆಗೆ ವ್ಯಾನ್ ಒಯ್ಯುತ್ತಾನೆ. ಇನ್ನೊಮ್ಮೆ ಧಾರವಾಡ, ಹುಬ್ಬಳ್ಳಿ. ದಾರಿಯ ಊರುಗಳವರಿಗೆ ಡೀಸೆಲ್ ಪಾಲು ಬಿಟ್ಟು ಬೇರೆ ಖರ್ಚಿಲ್ಲ. ಅವನು ನಿಮ್ಮ ಮನೆಯಲ್ಲೇ ಕೂತು ತಂತಿ ಏರಿಸಿ, ತಂತಿ ಕೂರುವ ಕುದುರೆ ಕೂಡಿಸಿ, ಜವಾರಿ (ಕುದುರೆಯ ಮೇಲೆ ತಂತಿಯ ಝೇಂಕಾರ) ನೋಡಿ ಕೊಡುತ್ತಾನೆ. ಬೆಂಗಳೂರಿನವರು ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ಗೆ ಬಂದರೆ ಬೆಳಿಗ್ಗೆ ಸ್ಟೇಷನ್ನಿಗೆ ನಾವೇ ಬರುತ್ತೇವೆ. ದಿನವಿಡೀ ಅಂಗಡಿಯಲ್ಲಿ ಕೂತು ನಾಲ್ಕೈದು ತಂಬೂರಿ ನುಡಿಸಿ ಆರಿಸಿಕೊಳ್ಳಿ, ಸಂಜೆ ಅದೇ ರೈಲಿಗೆ ಮೇಲಿನ ಬರ್ತಿನಲ್ಲಿ ಮಲಗಿಸಿಕೊಂಡು ಹೋಗಬಹುದು. ತಂತಿಗಳನ್ನು ಎರಡು ಮೂರು ಸುರ ಇಳಿಸಿ ಕೊಡುತ್ತೇವೆ, ಪೂರ್ತಿ ಸಡಿಲ ಬಿಡುವುದಿಲ್ಲ. ಪೂರ್ತಿ ಬಿಟ್ಟರೆ ಕುದುರೆ ಜಾರುತ್ತದೆ. ಮನೆ ಮುಟ್ಟಿದ ಕೂಡಲೇ ಏರಿಸದೆ, ಒಂದು ರಾತ್ರಿ ಹಾಗೇ ಬಿಟ್ಟು, ಮರುದಿನ ನಿಧಾನವಾಗಿ ಏರಿಸಿ. ಬೆಳಗಾವಿಯ ತೇವಕ್ಕೂ ನಿಮ್ಮೂರಿನ ಒಣ ಹವಾಕ್ಕೂ ಕಟ್ಟಿಗೆ ಹೊಂದಿಕೊಳ್ಳಬೇಕು.

ಈಗಾಗಲೇ ಮುಂಗಡ ಕೊಟ್ಟ ಮೂವರಿದ್ದೀರಿ, ಇಬ್ಬರದು ತಂಬೂರಿ, ಒಬ್ಬರದು ಪೇಟಿ. ನಿಮಗೆ ಹೇಳಿದ ಬೆಲೆಯಲ್ಲಿ ಬದಲಿಲ್ಲ. ಪೇಟಿಯ ಪೆಟ್ಟಿಗೆ ಖರ್ಚು ನಮ್ಮದು. ತಂಬೂರಿಗಳನ್ನು ತಮ್ಮನೇ ತರುತ್ತಾನೆ, ದಿನ ಗೊತ್ತುಮಾಡಲು ಈ ವಾರ ಫೋನ್ ಮಾಡುತ್ತೇವೆ. ಕಾಯುವುದು ಆಗದು ಅನ್ನುವವರಿಗೆ ಮುಂಗಡ ಪೂರ್ತಿ ವಾಪಸ್, ಅದಕ್ಕೆ ಬೇಸರವಿಲ್ಲ.

ರಾಯಚೂರಿಂದ ಬಂದ ತಂಬೂರಿಯನ್ನು ಮಿರಜಕ್ಕೆ ಒಯ್ದಿದ್ದೆವು. ಒಳಗಿನಿಂದ ಬಟ್ಟೆ ಪಟ್ಟಿ, ಸರೇಸು ಹಾಕಿ ಬುರುಡೆ ಕೂಡಿಸಿ ಕೊಟ್ಟಿದ್ದಾರೆ. ಹೊರಗೆ ಗೆರೆ ಕಾಣುತ್ತದೆ, ನಾದ ಮೊದಲಿನಷ್ಟು ತುಂಬಿಲ್ಲ, ಆದರೂ ಷಡ್ಜ ನಿಲ್ಲುತ್ತದೆ. ಅದನ್ನು ಮಾರುವುದಿಲ್ಲ. ನಮ್ಮೂರಿನ ಶಹಾಪುರದಲ್ಲಿ ಹೊಸದಾಗಿ ಗಾಯನ ಕಲಿಯುವ ಒಬ್ಬ ಹುಡುಗಿ ಈಗ ದಿನಾ ಬೆಳಿಗ್ಗೆ ಅದನ್ನು ಹಿಡಿದು ಕೂರುತ್ತಾಳೆ.

ಅಂಗಡಿಯ ನಂಬರ್ ನಿಮ್ಮಲ್ಲಿ ಇದ್ದೇ ಇದೆ. ಸೋಮವಾರ ಬಿಟ್ಟು ಯಾವಾಗ ಬೇಕಾದರೂ ಮಾಡಿ.

ನಿಮ್ಮವರೇ ಆದ,
ಹಳೆ ವಾದ್ಯದ ಅಂಗಡಿಯ ಅಣ್ಣ-ತಮ್ಮಂದಿರು
ಬೆಳಗಾವಿ