ಠಾಣೆಯಲ್ಲಿ ಕೇಳುವ ಮೊದಲ ಪ್ರಶ್ನೆ ಬದಲಿಸಿದವರಿಗೆ

ನಮ್ಮ ಜಿಲ್ಲೆಯ ಕೊನೆಯ ತಂಡದ ಪೊಲೀಸರ ತರಬೇತಿಯೂ ಕಳೆದ ವಾರ ಮುಗಿಯಿತು. ಮಾನವ ಕಳ್ಳಸಾಗಣೆಯನ್ನು ಗುರುತಿಸುವುದು, ದೂರು ಬರೆದುಕೊಳ್ಳುವುದು, ಪಾರಾಗಿ ಬಂದವರನ್ನು ಕೂರಿಸಿ ಮಾತನಾಡಿಸುವುದು ಹೇಗೆ ಎಂದು ಕಲಿತವರು ಈಗ ಇಲ್ಲಿನ ಪ್ರತಿಯೊಂದು ಠಾಣೆಯಲ್ಲೂ ಇದ್ದಾರೆ. ಕೆಲವು ವಕೀಲರು, ಶಿಕ್ಷಕರು ಮತ್ತು ಜೀತದಿಂದ ಬಿಡುಗಡೆಯಾದ ಕುಟುಂಬಗಳು ಕೂಡಿ ಕೈಗೆತ್ತಿಕೊಂಡ ಕೆಲಸವಿದು. ದಡ ಮುಟ್ಟಿಸಿದವರು ಮಾತ್ರ ಬಹಳ ಜನ. ಅವರಿಗೆ ನಾಲ್ಕು ಜನರ ಎದುರಿಗೇ ಧನ್ಯವಾದ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಕಲ್ಯಾಣ ಕರ್ನಾಟಕದವರಿಗೆ ಗುಳೆ ಎಂದರೇನೆಂದು ವಿವರಿಸಬೇಕಿಲ್ಲ. ತೊಗರಿ, ಜೋಳದ ರಾಶಿ ಮುಗಿಯುತ್ತಲೇ ರಾಯಚೂರು, ಯಾದಗಿರಿ, ವಾಡಿ ನಿಲ್ದಾಣಗಳಲ್ಲಿ ಗಂಟುಮೂಟೆ, ಕೂಸುಗಳೊಡನೆ ಜನ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಕಾಯುತ್ತಾರೆ. ಒಂದು ದಿಕ್ಕಿಗೆ ಹೋದರೆ ಬೆಂಗಳೂರಿನ ಕಟ್ಟಡಗಳು, ಇನ್ನೊಂದು ದಿಕ್ಕಿಗೆ ಪುಣೆ, ಮುಂಬೈ. ದುಡಿಯಲು ಹೋಗುವುದು ಅಪರಾಧವಲ್ಲ, ಕಳ್ಳಸಾಗಣೆಯೂ ಅಲ್ಲ. ಆದರೆ ಮುಂಗಡ ಕೊಟ್ಟವನು ಮೊಬೈಲ್ ಕಸಿದುಕೊಂಡಾಗ, ಕೂಲಿ ತಡೆಹಿಡಿದಾಗ, ಊರಿಗೆ ಹೋಗುತ್ತೇನೆಂದವರನ್ನು ಹೊಡೆದು ಕೂರಿಸಿದಾಗ ಅದು ಬೇರೆಯೇ ಆಗುತ್ತದೆ. ಮನೆಗೆಲಸ ಕೊಡಿಸುತ್ತೇನೆ, ವರದಕ್ಷಿಣೆಯಿಲ್ಲದೆ ಮದುವೆ ಮಾಡಿಸುತ್ತೇನೆ ಎಂದು ಹೆಣ್ಣುಮಕ್ಕಳನ್ನು ಕರೆದೊಯ್ದವನು ಅವರನ್ನು ದಂಧೆಗೆ ಮಾರಿದಾಗಲೂ ಅಷ್ಟೇ.

ಹಾಗೆ ಸಿಕ್ಕಿಬಿದ್ದು ತಪ್ಪಿಸಿಕೊಂಡು ಬಂದವರಿಗೆ ಠಾಣೆಯಲ್ಲಿ ಎದುರಾಗುತ್ತಿದ್ದ ಮೊದಲ ಪ್ರಶ್ನೆ, ‘ನೀನಾಗಿಯೇ ಹೋದೆಯಲ್ಲವೇ?’ ಕೂಲಿಕಾರನಿಗಾದರೆ, ‘ಮುಂಗಡ ತೆಗೆದುಕೊಂಡಿದ್ದೀಯಲ್ಲ?’ ಮಗಳು ಕಾಣೆಯಾಗಿದ್ದಾಳೆ ಎಂದು ಬಂದ ತಾಯಿಗೆ, ‘ಯಾರ ಜೊತೆಗೋ ಓಡಿಹೋಗಿರಬೇಕು, ಎರಡು ದಿನ ನೋಡಿ.’ ಆ ಎರಡು ದಿನದಲ್ಲಿ ಹುಡುಗಿ ರಾಜ್ಯವನ್ನೇ ದಾಟಿರುತ್ತಾಳೆ. ಕಾಣೆಯಾದ ಮಗುವಿನ ಪ್ರತಿ ದೂರಿಗೂ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶಿಸಿದೆ. ಅದೇ ವರ್ಷ ತಿದ್ದುಪಡಿಯಾದ ಐಪಿಸಿಯ 370ನೇ ಕಲಂ ಕೂಡ ಕಳ್ಳಸಾಗಣೆಯನ್ನು ನಿರ್ಧರಿಸುವಾಗ ಸಂತ್ರಸ್ತರ ಒಪ್ಪಿಗೆ ಗಣನೆಗೆ ಬರುವುದಿಲ್ಲವೆಂದು ಹೇಳಿತು. 2024ರ ಜುಲೈ 1ರಿಂದ ಐಪಿಸಿಯ ಬದಲಿಗೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲೂ ಆ ಮಾತು ಹಾಗೆಯೇ ಇದೆ. ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಅದು ಠಾಣೆಯ ಮೇಜಿನವರೆಗೆ ಬಂದಿರಲಿಲ್ಲ.

ಮೊದಲ ಕೃತಜ್ಞತೆ ಪಾರಾಗಿ ಬಂದ ಹೆಣ್ಣುಮಕ್ಕಳಿಗೆ. ಒಮ್ಮೆ ತಮ್ಮ ಮಾತನ್ನು ನಂಬದಿದ್ದ ಖಾಕಿಯ ಮುಂದೆ ಮತ್ತೆ ಬಂದು ನಿಂತು, ಈ ಸಲ ಪಾಠ ಹೇಳಿದವರು ಅವರು. ಹೆಸರು ಹೇಳುವಂತಿಲ್ಲ, ಹೇಳುವುದೂ ಇಲ್ಲ. ಇಟ್ಟಿಗೆ ಭಟ್ಟಿಯಿಂದ ಬಿಡುಗಡೆಯಾದ ಒಬ್ಬ ಅಕ್ಕ, ಮುಂಗಡ ಕೊಟ್ಟು ಕೂಲಿಗೆ ಕರೆದೊಯ್ದಿದ್ದ ಮೇಸ್ತ್ರಿಯ ಲೆಕ್ಕದ ಪುಸ್ತಕದ ಜೆರಾಕ್ಸ್ ತಂದು ಮೇಜಿನ ಮೇಲೆ ಹರಡಿದರು. ಎಡಕ್ಕೆ ಮುಂಗಡದ ಮೊತ್ತ. ಅದರ ಕೆಳಗೆ ಅಕ್ಕಿ, ಎಣ್ಣೆ, ಮಗುವಿನ ಜ್ವರದ ಔಷಧ, ಮಳೆಗೆ ಹಸಿ ಇಟ್ಟಿಗೆ ಕರಗಿದ ದಿನದ ನಷ್ಟ, ಹುಷಾರಿಲ್ಲದೆ ಮಲಗಿದ ದಿನದ ದಂಡ. ಬಲಕ್ಕೆ ಹೊಡೆದ ಇಟ್ಟಿಗೆಗಳ ಸಂಖ್ಯೆ. ಹಂಗಾಮು ಮುಗಿಯುವ ಹೊತ್ತಿಗೆ ಸಾಲ ಮೊದಲಿಗಿಂತ ಹೆಚ್ಚಾಗಿತ್ತು. ಮುಂದಿನ ಸಾಲಿನಲ್ಲಿದ್ದ ಪಿಎಸ್‌ಐ ಪೆನ್ನು ತೆಗೆದು ಕೂಡಿಸುತ್ತ ಹೋದರು. ಎರಡು ಕಡೆ ಮೊತ್ತ ತಪ್ಪಾಗಿತ್ತು, ಎರಡೂ ಕಡೆ ಮೇಸ್ತ್ರಿಗೆ ಲಾಭವಾಗುವಂತೆಯೇ. ‘ಈ ಪುಸ್ತಕವನ್ನು ಮೊದಲ ದಿನವೇ ಜಪ್ತಿ ಮಾಡಬೇಕಿತ್ತು’ ಎಂದರು ಅವರು. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ಪ್ರಕಾರ ಅದು ಜೀತದ ಸಾಲವಲ್ಲವೆಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದೇ. ನಾವು ಎಷ್ಟೇ ಕಲಂ ಓದಿ ಹೇಳಿದರೂ ಆಗದ ಕೆಲಸವನ್ನು ಆ ಜೆರಾಕ್ಸ್ ಹಾಳೆ ಮಾಡಿತು.

ದಾಳಿಯ ವೇಳೆ ಸಿಕ್ಕ ಹೆಣ್ಣುಮಕ್ಕಳನ್ನೇ ಆರೋಪಿಗಳ ಸಾಲಿನಲ್ಲಿ ನಿಲ್ಲಿಸುವ ರೂಢಿಯ ಬಗ್ಗೆ ಗಟ್ಟಿಯಾಗಿ ಮಾತನಾಡಿದವರು ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್. ಅನೈತಿಕ ವ್ಯವಹಾರ ತಡೆ ಕಾಯ್ದೆಯಡಿ ದಾಳಿಗೆ ಹೋಗುವಾಗ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಜೊತೆಗಿರಬೇಕು, ಅಲ್ಲಿಂದ ಕರೆತಂದವರನ್ನು ವಿಚಾರಿಸುವವರೂ ಮಹಿಳಾ ಅಧಿಕಾರಿಯೇ ಆಗಿರಬೇಕು. ‘ಇಬ್ಬರು ಬೇಕೆಂದು ಬರೆದಿದೆ, ಠಾಣೆಯಲ್ಲಿ ರಾತ್ರಿ ಪಾಳಿಗೆ ನಾನೊಬ್ಬಳೇ ಇರುತ್ತೇನೆ’ ಎಂದು ಹಿರಿಯ ಅಧಿಕಾರಿಗಳ ಎದುರೇ ಅವರು ಹೇಳಿದರು. ಅಂದು ಬಂದಿದ್ದ ಅಧಿಕಾರಿಗಳು ಆ ಮಾತನ್ನು ಟಿಪ್ಪಣಿ ಮಾಡಿಕೊಂಡು ಪಕ್ಕದ ಠಾಣೆಯಿಂದ ಸಿಬ್ಬಂದಿ ಕಳಿಸುವ ವ್ಯವಸ್ಥೆ ಮಾಡಿದರು. ಇಬ್ಬರಿಗೂ ನಾನು ಋಣಿ.

ಠಾಣೆಯ ರೈಟರ್‌ಗಳನ್ನು ಇಂಥ ಸಂದರ್ಭದಲ್ಲಿ ಯಾರೂ ನೆನೆಯುವುದಿಲ್ಲ. ದೂರಿನ ಹಣೆಬರಹ ಬರೆಯುವವರು ಅವರೇ. ‘ಕೂಲಿ ವಿವಾದ’ ಎಂದು ಒಂದು ಸಾಲು ಬರೆದರೆ ಪ್ರಕರಣ ಅಲ್ಲಿಗೇ ಮುಗಿಯಿತು. ಯಾರು ಕರೆದೊಯ್ದರು, ಹಣ ಯಾರ ಕೈ ಸೇರಿತು, ಹೊರಗೆ ಹೋಗಲು ಬಿಡುತ್ತಿದ್ದರೇ, ಆಧಾರ್ ಕಾರ್ಡ್ ಯಾರ ಬಳಿ ಇತ್ತು ಎಂಬ ಪ್ರಶ್ನೆಗಳ ಹಾಳೆಯೊಂದನ್ನು ತಾವೇ ಸಿದ್ಧಪಡಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿರುವ ರೈಟರ್‌ಗಳು ಈಗ ನಮ್ಮಲ್ಲಿದ್ದಾರೆ.

ಒಡಿಶಾದ ಬಲಾಂಗೀರ್ ಕಡೆಯಿಂದ ಭಟ್ಟಿಗಳಿಗೆ ಬಂದವರ ಮಾತು ನಮಗಾಗಲಿ ಪೊಲೀಸರಿಗಾಗಲಿ ತಿಳಿಯುವುದಿಲ್ಲ. ಅಂಥವರಿಗೆ ಹಿಂದೆ ಮಾಲೀಕನ ಕಡೆಯವನೇ ದುಭಾಷಿಯಾಗಿ ನಿಲ್ಲುತ್ತಿದ್ದ. ನಗರದ ಹೋಟೆಲ್ ಒಂದರಲ್ಲಿ ಅಡುಗೆ ಮಾಡುವ ಒಡಿಯಾ ತರುಣನೊಬ್ಬ ಈಗ ಫೋನಿನಲ್ಲೇ ಮಾತು ಕೇಳಿ ಕನ್ನಡದಲ್ಲಿ ಹೇಳುತ್ತಾನೆ. ತಮ್ಮಾ, ನಿನ್ನ ಉಪಕಾರ ದೊಡ್ಡದು.

ಠಾಣೆಯ ಹೊರಗಿನವರೂ ಇದ್ದಾರೆ. ಅಂಗನವಾಡಿ ಗೋಡೆಗಳ ಮೇಲೆ ಮಕ್ಕಳ ಸಹಾಯವಾಣಿ 1098, ತುರ್ತು ನೆರವಿನ 112 ಸಂಖ್ಯೆಗಳನ್ನು ಕೂಲಿ ಕೇಳದೆ ಬರೆದುಕೊಟ್ಟ ಪೇಂಟರ್‌ಗಳು. ಜಾತ್ರೆಗಳಲ್ಲಿ ಬೀದಿ ನಾಟಕವಾಡಿದ ಪದವಿ ಕಾಲೇಜಿನ ಮಕ್ಕಳು. ಅಪರಿಚಿತನೊಬ್ಬ ಮೂವರು ಬಾಲಕಿಯರ ಟಿಕೆಟ್ ಕೇಳಿದಾಗ ಅನುಮಾನ ಬಂದು ಬಸ್ಸನ್ನು ಹೊರಠಾಣೆಯ ಮುಂದೆ ನಿಲ್ಲಿಸಿದ ಕಂಡಕ್ಟರ್. ಯಾವ ಮಗು ಊರು ಬಿಟ್ಟಿತೆಂದು ಎಲ್ಲರಿಗಿಂತ ಮೊದಲು ತಿಳಿಯುವುದು ಹಾಜರಿ ಕರೆಯುವ ಶಿಕ್ಷಕರಿಗೆ. ಸತತವಾಗಿ ಗೈರಾದ ಮಕ್ಕಳ ಹೆಸರನ್ನು ಪಂಚಾಯಿತಿಗೆ ತಿಳಿಸಲು ಒಪ್ಪಿದ ಎಲ್ಲ ಶಿಕ್ಷಕರಿಗೂ ಶರಣು.

ಒಂದು ಬೇಡಿಕೆಯನ್ನೂ ಇಲ್ಲಿಯೇ ಇಡುತ್ತೇನೆ. ತರಬೇತಿ ಪಡೆದವರು ವರ್ಗವಾಗಿ ಹೋಗುತ್ತಾರೆ, ಹೊಸಬರು ಬರುತ್ತಾರೆ. ಹೊಸದಾಗಿ ನೇಮಕವಾಗುವವರ ಬುನಾದಿ ತರಬೇತಿಯಲ್ಲೇ ಈ ಪಾಠಕ್ಕೆ ಸಾಕಷ್ಟು ಸಮಯ ಕೊಡಬೇಕು, ಮತ್ತು ಪಾಠ ಹೇಳುವವರಲ್ಲಿ ಪಾರಾಗಿ ಬಂದವರೂ ಇರಬೇಕು, ಗೌರವಧನ ಪಡೆದು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಹೋಗಿ ಮ್ಯಾನ್ಮಾರಿನ ಸೈಬರ್ ವಂಚನೆಯ ಕೇಂದ್ರಗಳಲ್ಲಿ ಸಿಲುಕಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ಸರ್ಕಾರ ವಿಮಾನ ಕಳಿಸಿ ಕರೆತಂದಿತು. ಓದಿದ ಹುಡುಗರನ್ನೂ ಹೀಗೆ ಸಾಗಿಸುತ್ತಾರೆ ಎಂಬುದು ಆ ಪಾಠದಲ್ಲಿ ಸೇರಬೇಕು.

ದಸರಾ, ದೀಪಾವಳಿಯ ಹೊತ್ತಿಗೆ ಮೇಸ್ತ್ರಿಗಳು ಮುಂಗಡದ ಹಣ ಹಿಡಿದು ತಾಂಡಾ, ಹಟ್ಟಿಗಳಿಗೆ ಬರುತ್ತಾರೆ. ಅದಕ್ಕೂ ಮುಂಚೆ ಆ ಊರುಗಳಲ್ಲಿ ಸಭೆ ಮಾಡಬೇಕೆಂದಿದ್ದೇವೆ. ಬೀಟ್ ಕಾನ್‌ಸ್ಟೇಬಲ್‌ಗಳು ಬರುತ್ತೇನೆ ಎಂದಿದ್ದಾರೆ, ಆ ಅಕ್ಕ ಲೆಕ್ಕದ ಪುಸ್ತಕದ ಹಾಳೆಗಳನ್ನು ತರುತ್ತಾರೆ. ನಿಮ್ಮ ಊರಿನಲ್ಲೂ ಸಭೆ ಬೇಕಿದ್ದರೆ ಪಂಚಾಯಿತಿಗೆ ಈಗಲೇ ತಿಳಿಸಿಡಿ.