ಕರೆಯ ವಿವರ ವಿಕಿಗೆ ಸೇರುವ ಮುನ್ನ

ಮಾನ್ಯ ಸಂಪಾದಕರೇ,

ಕಚೇರಿಯ ದೂರವಾಣಿ ವ್ಯವಸ್ಥೆಯನ್ನು ತಂಡದ ವಿಕಿಗೆ (ಎಲ್ಲರೂ ಸೇರಿ ಬರೆದು ತಿದ್ದುವ ಜಾಲಪುಟಗಳಿಗೆ) ಜೋಡಿಸಿ, ಕರೆ ಮುಗಿದ ಕೂಡಲೇ ಸಂಖ್ಯೆ, ಸಮಯ, ಅವಧಿಗಳು ವೆಬ್‌ಹುಕ್ (ಒಂದು ವ್ಯವಸ್ಥೆಯಲ್ಲಿ ಏನಾದರೂ ನಡೆದ ಕೂಡಲೇ ಇನ್ನೊಂದಕ್ಕೆ ಮಾಹಿತಿ ಕಳುಹಿಸುವ ಏರ್ಪಾಡು) ಮೂಲಕ ತಾವಾಗಿಯೇ ದಾಖಲಾಗುವಂತೆ ಮಾಡುವುದು ಈಗ ಸುಲಭ. ಗ್ರಾಹಕರು ಅದೇ ದೂರನ್ನು ಪ್ರತಿ ಸಲವೂ ಹೊಸಬರ ಮುಂದೆ ಮೊದಲಿನಿಂದ ಹೇಳಬೇಕಾದ ಕಷ್ಟವನ್ನು ಇದು ನಿಜಕ್ಕೂ ತಪ್ಪಿಸುತ್ತದೆ. ಆದರೆ ಒಂದೇ ಸಂಖ್ಯೆ ಒಂದೆಡೆ ದೇಶದ ಕೋಡ್‌ನೊಂದಿಗೆ, ಇನ್ನೊಂದೆಡೆ ಸೊನ್ನೆಯಿಂದ ಆರಂಭವಾಗಿ ದಾಖಲಾದರೆ ಒಬ್ಬರಿಗೇ ಎರಡು ಪುಟಗಳು ಹುಟ್ಟಿಕೊಳ್ಳುತ್ತವೆ; ದೇಶದ ಕೋಡ್‌ನಿಂದ ಆರಂಭವಾಗುವ, ಗರಿಷ್ಠ 15 ಅಂಕಿಗಳ ಇ.164 ಎಂಬ ಅಂತರರಾಷ್ಟ್ರೀಯ ದೂರವಾಣಿ ಸಂಖ್ಯಾ ಮಾದರಿಯನ್ನೇ ಎಲ್ಲೆಡೆ ಬಳಸುವುದು ಒಳ್ಳೆಯದು. ಇದಕ್ಕಿಂತ ಗಂಭೀರವಾದದ್ದು ಗೋಪ್ಯತೆ. ವಿಕಿ ಸಾಮಾನ್ಯವಾಗಿ ಇಡೀ ತಂಡಕ್ಕೆ ತೆರೆದಿರುವುದರಿಂದ, ಕರೆ ಮಾಡಿದವರ ಒಪ್ಪಿಗೆಯಿಲ್ಲದೆ ಧ್ವನಿಮುದ್ರಣವನ್ನಾಗಲಿ ಅದರ ಪಠ್ಯರೂಪವನ್ನಾಗಲಿ ಅಲ್ಲಿ ಇಡಲೇಬಾರದು; ಅವುಗಳನ್ನು ಯಾರು ನೋಡಬಹುದು, ಯಾವಾಗ ಅಳಿಸಬೇಕು ಎಂಬುದನ್ನು ಸಂಸ್ಥೆಗಳು ಜೋಡಣೆಗೆ ಮೊದಲೇ ನಿರ್ಧರಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಒಬ್ಬ ಓದುಗ