ಸೈಕಲ್ ಸವಾರರೇ, ರಕ್ತ ಕೊಡಿ

ಮಾನ್ಯರೇ,

ಕೈಮರ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿ ಹತ್ತುವಾಗ ನಮ್ಮೆಲ್ಲರಿಗಿಂತ ಮುಂದಿರುತ್ತಿದ್ದ ಗೆಳೆಯರೊಬ್ಬರಿಗೆ ಈಗ ಹೃದಯದ ಕವಾಟ ಬದಲಿಸುವ ಆಪರೇಷನ್ ಆಗಬೇಕಿದೆ. ಮಳೆಗಾಲ ಮುಗಿದ ಮೇಲೆ ಅವರು ಏರಿನಲ್ಲಿ ಸೈಕಲ್ ನಿಲ್ಲಿಸಿ, ಹ್ಯಾಂಡಲ್ ಮೇಲೆ ತಲೆಯಿಟ್ಟು ಏದುಸಿರು ಬಿಡುತ್ತಿದ್ದರು. ವಯಸ್ಸಾಯ್ತು ಅಲ್ವಾ ಎಂದು ತಾವೇ ಸಮಾಧಾನ ಹೇಳಿಕೊಂಡರು. ಕೊನೆಗೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಕವಾಟ ತೀರಾ ಕಿರಿದಾಗಿರುವುದು ಗೊತ್ತಾಯಿತು. ಎಷ್ಟೋ ಸಲ ಸ್ಟೆತಸ್ಕೋಪಿನಲ್ಲೇ ಸುಳಿವು ಸಿಗುವ ಕಾಯಿಲೆ ಇದು. ಆದರೆ ದಿನಾ ಸೈಕಲ್ ಹೊಡೆಯುವವರು ಡಾಕ್ಟರ ಹತ್ತಿರ ಹೋಗುವುದೇ ಕಡಿಮೆ. ದಯವಿಟ್ಟು ಹೋಗಿ. ಏರಿನಲ್ಲಿ ಎದೆ ಬಿಗಿದರೆ, ತಲೆ ಸುತ್ತಿದರೆ ಸುಮ್ನೆ ಇರಬೇಡಿ.

ಎದೆ ತೆರೆದು ಮಾಡುವ ಆಪರೇಷನ್‌ಗೆ ರಕ್ತ ಸಿದ್ಧವಿರಬೇಕು. 18ರಿಂದ 65 ವರ್ಷದ, ಕನಿಷ್ಠ 45 ಕೆ.ಜಿ. ತೂಕದ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ. ಜಿಲ್ಲೆಯ ಸೈಕಲ್ ಸವಾರರೆಲ್ಲ ಹತ್ತಿರದ ರಕ್ತನಿಧಿಗೆ ಹೋಗಿ ಕೊಡಿ. ಇವರಿಗಲ್ಲದಿದ್ದರೂ ಇನ್ಯಾರಿಗೋ ಅದು ಬೇಕೇ ಬೇಕು. ಕೊಟ್ಟ ದಿನ ಮಾತ್ರ ಗಿರಿ ಹತ್ತಬೇಡಿ, ನೀರು ಜಾಸ್ತಿ ಕುಡಿಯಿರಿ.

– ಒಬ್ಬ ಸೈಕಲ್ ಸವಾರ, ಚಿಕ್ಕಮಗಳೂರು